ಪಕ್ಕದ ಸೀಟಿನ ಎತ್ತರ

“ನಾನು ಬರೆದುಕೊಡ್ತೀನಿ, ಆ ಕಲ್ಲಿನ ಮೆಟ್ಟಿಲನ್ನ ಈ ಗಾಡಿ ಹತ್ತಲ್ಲ,” ಎಂದರು ಹಲ್ಲಿನ ಡಾಕ್ಟರು, ಹಳೇ ಜೀಪಿನ ಹೊಟ್ಟೆಯ ಕೆಳಗೆ ಬಗ್ಗಿ ನೋಡುತ್ತ. “ಯಜಮಾನರು ಇದ್ದಾಗಲೇ ಹತ್ತಲಿಲ್ಲ. ಇವತ್ತು ಹಿಂದೆ ಪೆಟ್ಟಿಗೆ ಬೇರೆ ಇರುತ್ತೆ.”

ಹೇಳಿ ಮುಗಿಸಿದ ಮೇಲೆ, ಯಾರ ಎದುರು ಏನು ಹೇಳಿದೆನೆಂದು ಅವರಿಗೆ ಹೊಳೆಯಿತು. ಸೊಂಟ ಹಿಡಿದುಕೊಂಡು ಎದ್ದು, ಬಾಗಿಲಲ್ಲಿ ನಿಂತಿದ್ದ ಹೊಲಿಗೆಯಕ್ಕನ ಕಡೆ ನೋಡಿ, ತಲೆಯ ಮೇಲಿನ ಟೋಪಿ ತೆಗೆದರು, ಏನು ಮಾಡಬೇಕೆಂದು ತೋಚದೆ ಮತ್ತೆ ಹಾಕಿಕೊಂಡರು.

ಹೊಲಿಗೆಯಕ್ಕನಿಗೆ ಸಿಟ್ಟು ಬರಲಿಲ್ಲ. ಡಾಕ್ಟರ ಮಾತು ಅವಳಿಗೆ ಹೊಸದಲ್ಲ. ಊರವರ ಬಾಯಿಗೆಲ್ಲ ಹತ್ತಿ ತುರುಕಿ ಕೂರಿಸುವ ಕೆಲಸ ಅವರದು. ಎದುರಿನವರು ಉತ್ತರ ಕೊಡಲಾರರು ಎನ್ನುವ ಧೈರ್ಯದಲ್ಲಿ ಒಬ್ಬರೇ ಮಾತಾಡಿ ಮಾತಾಡಿ ರೂಢಿಯಾಗಿಬಿಟ್ಟಿತ್ತು.

ವಿಷಯ ಇಷ್ಟೇ. ಊರಿನ ಮಸಣ ಇರುವುದು ಗುಡ್ಡದ ನೆತ್ತಿಯ ಮೇಲೆ. ಅಲ್ಲಿಗೆ ಹೋಗುವ ಟಾರು ರಸ್ತೆ ಹೋದ ವಾರದ ಮಳೆಗೆ ಮೋರಿಯ ಹತ್ತಿರ ಕುಸಿದು ಬಾಯಿ ಬಿಟ್ಟುಕೊಂಡಿತ್ತು. ಶವ ಸಾಗಿಸುವ ವ್ಯಾನಿನವರು ಅಲ್ಲಿಯವರೆಗೆ ಬರುತ್ತೇವೆ, ಆಮೇಲಿನದು ನಿಮಗೆ ಬಿಟ್ಟದ್ದು ಎಂದು ಕೈತೊಳೆದುಕೊಂಡಿದ್ದರು. ಹೆಗಲ ಮೇಲೆ ಹೊತ್ತು ಹತ್ತೋಣವೆಂದರೆ ಬಂದ ಗೆಳೆಯರಲ್ಲಿ ಒಬ್ಬರಿಗೆ ಸೊಂಟ, ಒಬ್ಬರಿಗೆ ಉಬ್ಬಸ, ಇನ್ನೊಬ್ಬರಿಗೆ ಹೆಂಡತಿಯ ಹೆದರಿಕೆ. ಉಳಿದದ್ದು ಗುಡ್ಡದ ಬೆನ್ನಿನ ಮೇಲೆ ಹೋಗುವ ಕಚ್ಚಾದಾರಿ. ತೀರಿಕೊಂಡವರು, ಹೊಲಿಗೆಯಕ್ಕನ ಗಂಡ, ತಮ್ಮ ಗೆಳೆಯರನ್ನು ಕಟ್ಟಿಕೊಂಡು ರಜೆಯ ದಿನ ಜೀಪು ಹತ್ತಿಸಲು ಹೋಗುತ್ತಿದ್ದ ದಾರಿಯೇ ಅದು. ಅರ್ಧಕ್ಕಿಂತ ಮೇಲೆ ಒಂದು ಬಂಡೆ ದಾರಿಗೆ ಅಡ್ಡಲಾಗಿ ಮಲಗಿದೆ. ಅದಕ್ಕೇ ಅವರೆಲ್ಲ ಕಲ್ಲಿನ ಮೆಟ್ಟಿಲು ಎನ್ನುತ್ತಿದ್ದುದು. ಡಾಕ್ಟರ ಗಾಡಿ, ಉಬ್ಬಸದವರ ಗಾಡಿ ಎಲ್ಲವೂ ಹತ್ತುತ್ತಿದ್ದವು. ಎತ್ತರದ ಸ್ಪ್ರಿಂಗು, ದಪ್ಪ ಟೈರು, ಮೂತಿಗೆ ಗಾಡಿ ಎಳೆಯುವ ಹಗ್ಗ ಸುತ್ತಿದ ವಿಂಚು, ಎಲ್ಲ ಹಾಕಿಸಿಕೊಂಡು ತಯಾರಾದ ಗಾಡಿಗಳು. ಇವರದೊಂದು ಮಾತ್ರ ಕೊಂಡಾಗ ಹೇಗಿತ್ತೋ ಹಾಗೇ ಇತ್ತು, ಮೆಟ್ಟಿಲಿನ ಕೆಳಗೇ ನಿಲ್ಲುತ್ತಿತ್ತು.

“ನನ್ನ ಗಾಡೀಲಿ ತಗೊಂಡು ಹೋಗೋಣ,” ಎಂದರು ಡಾಕ್ಟರು, ಈ ಸಲ ಮೆತ್ತಗೆ. “ನಿಮ್ಮನ್ನ ಕುರ್ಚಿ ಸಮೇತ ಎತ್ತಿ ಮುಂದೆ ಕೂರಿಸ್ತೀವಿ. ಯೋಚನೆ ಮಾಡ್ಬೇಡಿ.”

ಹೊಲಿಗೆಯಕ್ಕ ಗೇಟಿನಾಚೆ ನಿಂತಿದ್ದ ಡಾಕ್ಟರ ಗಾಡಿಯನ್ನು ನೋಡಿದಳು. ಅದರ ಬಾಗಿಲು ಅವಳ ಎದೆಮಟ್ಟಕ್ಕಿತ್ತು. ಹತ್ತಲು ಸಣ್ಣದೊಂದು ಏಣಿ ಬೇರೆ. ತನ್ನನ್ನು ನಾಲ್ಕು ಜನ ಕುರ್ಚಿಯಲ್ಲಿ ಎತ್ತುವುದನ್ನು, ಕೆಳಗೆ ನಿಂತವರು ಹುಷಾರು ಹುಷಾರು ಎನ್ನುವುದನ್ನು ಕಣ್ಣಮುಂದೆ ತಂದುಕೊಂಡಳು. ಒಂದೇ ಮನೆಯಿಂದ ಒಂದೇ ದಿನ ಇಬ್ಬರನ್ನು ಎತ್ತಿದ ಹಾಗಾಗುತ್ತದೆ.

ಮಗಳು ಜೀಪಿನ ಹಿಂದಿನ ಸೀಟಿನ ಬೋಲ್ಟು ಬಿಚ್ಚುತ್ತಿದ್ದಳು. ಶಾಲೆಯ ವ್ಯಾನು ಓಡಿಸುವವಳು, ಡ್ರೈವಿಂಗು ಕಲಿತದ್ದು ಇದೇ ಜೀಪಿನಲ್ಲಿ, ಅಪ್ಪನ ಪಕ್ಕ ಕೂತು. ತಲೆಯೆತ್ತದೆಯೇ ಅಂದಳು: “ಅಪ್ಪ ಇನ್ನೊಬ್ಬರ ಗಾಡೀಲಿ ಹಿಂದೆ ಕೂತಿದ್ದು ನಾನು ನೋಡಿಲ್ಲ. ಆವಾಗಲೇ ಎತ್ತರ ಮಾಡಿಸಿದ್ರೆ ಇವತ್ತು ಈ ಮಾತೇ ಇರ್ತಿರಲಿಲ್ಲ.”

ಅವಳು ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. ಆದರೂ ಅದು ನೇರವಾಗಿ ಬಾಗಿಲಿಗೆ ಬಂದು ತಟ್ಟಿತು.

ಅಷ್ಟರಲ್ಲಿ ಒಳಗಿನಿಂದ ಗಂಡನ ಅಕ್ಕ ಎರಡು ಕನ್ನಡಕ ಹಿಡಿದುಕೊಂಡು ಬಂದರು. ಓದುವುದಕ್ಕೊಂದು, ದೂರ ನೋಡುವುದಕ್ಕೊಂದು. ಪೆಟ್ಟಿಗೆಯಲ್ಲಿ ಯಾವುದನ್ನು ಹಾಕೋಣ ಎಂದು ಕೇಳಿದರು. ಕನ್ನಡಕ ಇಲ್ಲದೆ ತಮ್ಮನ ಮುಖ ಯಾರದೋ ಮುಖದ ಹಾಗೆ ಕಾಣುತ್ತಿದೆ, ನನಗೆ ನೋಡಲಾಗುತ್ತಿಲ್ಲ ಎಂದರು. ಆಮೇಲೆ ಎರಡೂ ಕೈ ಎತ್ತಿ ಹಿಡಿದು, “ಇದೋ, ಅದೋ?” ಎಂದವರು ತಮ್ಮ ಬಾಯಿಂದ ಬಂದದ್ದನ್ನು ತಾವೇ ಕೇಳಿಸಿಕೊಂಡು, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಹೊಲಿಗೆಯಕ್ಕ ಎರಡನ್ನೂ ನೋಡಿದಳು. ಆಮೇಲೆ ಹೇಳುತ್ತೇನೆ ಎಂದಳು.

*

ಇದೋ ಅದೋ ಎನ್ನುವುದೇ ಊರಿನಲ್ಲಿ ಹೊಲಿಗೆಯಕ್ಕನ ಗಂಡನ ಹೆಸರಾಗಿತ್ತು. ಕನ್ನಡಕದ ಅಂಗಡಿ ಅವರದು. ಒಂದು ಕಪಾಟು, ಒಂದು ಕುರ್ಚಿ, ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಾಗುತ್ತ ಹೋಗುವ ಅಕ್ಷರಗಳು. ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, “ಇದೋ, ಅದೋ?” ಎಂದು ಕೇಳುವರು. ಸರಿಯಾಗಿ ಕಾಣುತ್ತಿದೆ ಎಂದರೆ ಬಿಡುವ ಆಸಾಮಿಯಲ್ಲ. “ಸರಿಯಾಗಿದೆಯೋ, ರೂಢಿಯಾಗಿದೆಯೋ?” ಎಂದು ಮತ್ತೆ ಶುರು. ಅವರಲ್ಲಿಗೆ ಹೋದವರು ಮನೆಯಲ್ಲಿ ಊಟಕ್ಕೆ ಕಾಯಬೇಡಿ ಎಂದು ಹೇಳಿ ಹೋಗುತ್ತಿದ್ದರು. ಆದರೆ ಅವರು ಕೊಟ್ಟ ಕನ್ನಡಕ ತಲೆನೋವು ತಂದಿತು ಎಂದು ವಾಪಸು ಬಂದವರಿಲ್ಲ.

ಹೊಲಿಗೆಯಕ್ಕನ ಬಲಗಾಲು ಹಾಳಾದದ್ದು ಬಸ್ಸಿನಿಂದ ಇಳಿಯುವಾಗ ಬಿದ್ದು. ಮೊಣಕಾಲಿನ ಚಿಪ್ಪು ಒಡೆದು, ತಿಂಗಳುಗಟ್ಟಲೆ ಮಲಗಿ, ಕೊನೆಗೆ ಮೂಳೆ ಕೂಡಿಕೊಂಡಿತು. ಆದರೆ ಕಾಲು ಮಡಚುವುದನ್ನು ಮರೆತುಬಿಟ್ಟಿತು. ತುಳಿಯುವ ಹೊಲಿಗೆ ಯಂತ್ರಕ್ಕೆ ಮೋಟಾರು ಬಂತು. ಮಂಚ ಎತ್ತರವಾಯಿತು. ಮನೆಯಲ್ಲಿ ಎಲ್ಲದಕ್ಕೂ ಒಂದು ಉಪಾಯ ಸಿಕ್ಕಿತು. ಅವಳು ಮಾತ್ರ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಜೀಪು ಹತ್ತುವಾಗ ಬೆನ್ನು ತಿರುಗಿಸಿ ನಿಂತು, ಮೊದಲು ಸೀಟಿನ ಅಂಚಿಗೆ ಕೂತು, ಆಮೇಲೆ ಎರಡು ಕೈಯಲ್ಲೂ ಕಾಲನ್ನು ಎತ್ತಿ ಸಾಮಾನು ಇಟ್ಟ ಹಾಗೆ ಒಳಗಿಟ್ಟುಕೊಳ್ಳುತ್ತಿದ್ದಳು. ಅವರು ಅಷ್ಟು ಹೊತ್ತು ಕನ್ನಡಿ ಸರಿಮಾಡುತ್ತಲೋ ಕೀಲಿ ಹುಡುಕುತ್ತಲೋ ಇರುವರು. ಒಂದು ಸಲವೂ ನೋಡಿದವರಲ್ಲ. ಅಂದರೆ, ನೋಡಿದ್ದನ್ನು ತೋರಿಸಿಕೊಂಡವರಲ್ಲ.

ಕಾಲು ಹೋದ ಹೊಸದರಲ್ಲಿ ಒಂದು ಸಂಜೆ ಅವರು ಬಣ್ಣಬಣ್ಣದ ಪುಸ್ತಕವೊಂದನ್ನು ತಂದು ಅವಳ ಕತ್ತರಿಸುವ ಮೇಜಿನ ಮೇಲೆ ಹರಡಿದ್ದರು. ಸ್ಪ್ರಿಂಗುಗಳ ಚಿತ್ರ, ಟೈರುಗಳ ಚಿತ್ರ. ಗ್ಯಾರೇಜಿನವನು ತರಿಸಿಕೊಡುತ್ತಾನಂತೆ, ಗಾಡಿ ಒಂದು ಗೇಣು ಮೇಲೇಳುತ್ತದಂತೆ, ಆಮೇಲೆ ಆ ಕಲ್ಲಿನ ಮೆಟ್ಟಿಲು ನಮಗೆ ಲೆಕ್ಕಕ್ಕೇ ಇಲ್ಲವಂತೆ. ಹೇಳುತ್ತ ಹೇಳುತ್ತ ಎರಡು ಪುಟಗಳ ಮೇಲೆ ಎರಡು ಬೆರಳಿಟ್ಟು, “ಇದೋ, ಅದೋ?” ಎಂದರು.

ಅವಳಿಗೆ ಆ ದಿನ ಕಾಲು ಸಿಡಿಯುತ್ತಿತ್ತು. ಶಾಲೆಯ ಸಮವಸ್ತ್ರಗಳ ರಾಶಿ ಹಾಗೇ ಬಿದ್ದಿತ್ತು. “ಮೊದ್ಲು ನನಗೊಂದು ಹೊಸ ಕಾಲು ಹಾಕಿಸಿ,” ಅಂದಳು. “ಆಮೇಲೆ ನಿಮ್ಮ ಗಾಡಿಗೆ ಹಾಕಿಸುವಿರಂತೆ.”

ಅವರು ನಕ್ಕರು. ನಿಜವಾಗಿಯೂ ನಕ್ಕರು, ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು. ಆಮೇಲೆ ಪುಸ್ತಕ ಮಡಚಿದರು. ಅದು ಮತ್ತೆ ಮನೆಗೆ ಬರಲಿಲ್ಲ.

ಗೆಳೆಯರು ವರ್ಷವೂ ಕೇಳುವರು, ಗ್ಯಾರೇಜಿನವನು ತರಿಸಿಟ್ಟ ಸಾಮಾನು ಹಾಗೇ ಬಿದ್ದಿದೆಯಂತಲ್ಲ, ಈ ಸಲವಾದರೂ ಮಾಡಿಸುತ್ತೀರಾ ಎಂದು. ಇನ್ನೂ ಯೋಚನೆ ಮಾಡುತ್ತಿದ್ದೇನೆ ಎನ್ನುವರು ಅವರು. ಎಲ್ಲರೂ ಗೊಳ್ಳೆಂದು ನಗುವರು. ಇದೋ ಅದೋ ಮನುಷ್ಯ ಇನ್ನೇನು ತಾನೇ ಹೇಳಿಯಾನು. ನಗದವಳು ಹೊಲಿಗೆಯಕ್ಕ ಒಬ್ಬಳೇ. ಅವರ ಯೋಚನೆಯನ್ನು ಆ ಸಂಜೆ ಕತ್ತರಿಸಿ ಹಾಕಿದ್ದು ತನ್ನ ನಾಲಿಗೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಕೇಳಿ ಸರಿಮಾಡಿಕೊಳ್ಳೋಣವೆಂದರೆ ಅವರು ಮತ್ತೆ ಆ ಮಾತನ್ನೇ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಕಲ್ಲಿನ ಮೆಟ್ಟಿಲಿನ ಹತ್ತಿರ ಉಳಿದವರು ಗುರ್ ಎನ್ನಿಸಿಕೊಂಡು ಮೇಲೆ ಹೋದ ಮೇಲೆ ಇವರಿಬ್ಬರೇ ಕೆಳಗೆ. ಕಲ್ಲು ಜೋಡಿಸಿ ಹತ್ತಿಸಬಾರದೇ ಎಂದು ಅವಳು ಒಮ್ಮೆ ಕೇಳಿದ್ದಳು. ಹಾಗೆ ಮಾಡುವಂತಿಲ್ಲ ಎಂದರು. ಅವರ ಗುಂಪಿಗೆ ಒಂದು ಕಟ್ಟಳೆ ಇತ್ತು, ಮಾಡಿದವರು ಹಲ್ಲಿನ ಡಾಕ್ಟರು: ಗಾಡಿಗೆ ಏನು ಬೇಕಾದರೂ ಮಾಡಿಸಿಕೊಳ್ಳಿ, ದಾರಿಯನ್ನು ಮಾತ್ರ ಮುಟ್ಟಬೇಡಿ. ಕಲ್ಲು ಜೋಡಿಸಿದವನು ಆಟದಲ್ಲಿ ಮೋಸ ಮಾಡಿದ ಹಾಗೆ. ಡಾಕ್ಟರು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ಯಾರದೋ ಚಕ್ರದಡಿಯಿಂದ ಒಂದು ಕಲ್ಲನ್ನು ತಾವೇ ಎಳೆದು ಬಿಸಾಡಿದ್ದರು.

ಹಾಗಾಗಿ ಇವರು ಫ್ಲಾಸ್ಕು ತೆಗೆದು, ಮುಚ್ಚಳದಲ್ಲಿ ಅವಳಿಗೆ ಚಹಾ ಬಗ್ಗಿಸಿ, ತಾವು ಬಾಟಲಿಯ ಬಾಯಿಂದಲೇ ಕುಡಿಯುವರು. ಮೇಲೆ ಏನಿದೆ ಎಂದು ಅವಳು ಕೇಳಿದರೆ ಗಾಳಿ ಇದೆ ಎನ್ನುವರು. ಇಲ್ಲೂ ಇದೆಯಲ್ಲ ಎನ್ನುವರು.

*

ಹೊಲಿಗೆಯಕ್ಕ ಒಳಗೆ ಹೋದಳು. ಪೆಟ್ಟಿಗೆಗೆ ಹಾಸುವ ಬಿಳಿ ಬಟ್ಟೆಗೆ ಅಂಚು ಹೊಲಿಯುವುದಿತ್ತು. ಅಂಗಡಿಯಿಂದ ತಂದದ್ದನ್ನು ಹಾಸುವುದಕ್ಕೆ ಅವಳು ಒಪ್ಪಿರಲಿಲ್ಲ. ಅಳತೆಗೆಂದು ಕೈಚಾಚಿದರೆ ಮರದ ಸ್ಕೇಲು ಇಲ್ಲ. ಮೊಳದುದ್ದದ ಸ್ಕೇಲು, ಅಂಚೆಲ್ಲ ಸವೆದು ನುಣ್ಣಗಾದದ್ದು. ಅದು ವರ್ಷಕ್ಕೊಮ್ಮೆ ಹೀಗೆ ಮಾಯವಾಗುವುದಿತ್ತು. ಒಂದೆರಡು ದಿನ ಬಿಟ್ಟು ಮೈಗೆ ಗ್ರೀಸು ಬಳಿದುಕೊಂಡು ವಾಪಸು ಬರುತ್ತಿತ್ತು. ಒಂದು ವರ್ಷ ಆ ಗ್ರೀಸು ಯಾರದೋ ಬಿಳಿ ಅಂಗಿಗೆ ತಗುಲಿ ಅವಳು ಕೂಗಾಡಿದ್ದಳು. ಅಂಗಡಿಯ ಶಟರಿಗೆ ಎಣ್ಣೆ ಬಿಡುವಾಗ ಬೇಕಾಯಿತು ಎಂದಿದ್ದರು ಅವರು. ಶಟರಿಗೂ ಸ್ಕೇಲಿಗೂ ಏನು ಸಂಬಂಧವೆಂದು ಕೇಳಿದ್ದಕ್ಕೆ, ಎರಡೂ ನೆಟ್ಟಗಿರಬೇಕಲ್ಲ ಎಂದು ಹೇಳಿ ಜಾರಿಕೊಂಡಿದ್ದರು.

ಸ್ಕೇಲಿಲ್ಲದೆ ಕಣ್ಣಳತೆಯಲ್ಲೇ ಹೊಲಿದಳು. ಅವರ ಉದ್ದ ಅವಳಿಗೆ ಗೊತ್ತಿಲ್ಲದ್ದೇನಲ್ಲ.

ನಿನ್ನೆ ಬೆಳಿಗ್ಗೆ ಅಂಗಡಿಗೆ ಹೊರಡಲು ಶರ್ಟು ತೊಡುತ್ತ ಮಂಚದ ಮೇಲೆ ಕೂತವರು ಹಾಗೇ ಹಿಂದಕ್ಕೆ ಒರಗಿದ್ದರು. ಅವಳು ಬಂದು ನೋಡುವಾಗ ಮೇಲಿನ ಗುಂಡಿಗಳಷ್ಟೇ ಹಾಕಿದ್ದವು. ಉಳಿದವನ್ನು ಅವಳೇ ಹಾಕಿದಳು. ಆಮೇಲೆ ಮಗಳನ್ನು ಕರೆದಳು.

ದಾರ ಕಡಿದು ಎದ್ದಾಗ ಅವಳ ಮನಸ್ಸು ಗಟ್ಟಿಯಾಗಿತ್ತು. ಹೊರಗೆ ಬಂದು ಗ್ಯಾರೇಜಿನವನನ್ನು ಕರೆದಳು. ಎದುರು ಬೀದಿಯವನು, ಮೈಯಲ್ಲಿ ಸದಾ ಡೀಸೆಲ್ಲಿನ ವಾಸನೆ, ಇವತ್ತು ಒಗೆದ ಅಂಗಿ ಹಾಕಿಕೊಂಡು ಬಂದು ಯಾರೋ ಬೇರೆಯವನ ಹಾಗೆ ಮೂಲೆಯಲ್ಲಿ ನಿಂತಿದ್ದ.

“ಅವರಿಗೆ ಅಂತ ತರಿಸಿದ ಸಾಮಾನು ನಿನ್ನ ಹತ್ರ ಇನ್ನೂ ಇದೆಯಂತಲ್ಲ,” ಅಂದಳು. “ಸಂಜೆ ಒಳಗೆ ಹಾಕಕ್ಕಾಗುತ್ತಾ?”

ಮಗಳು ಸ್ಪ್ಯಾನರು ಕೆಳಗಿಟ್ಟಳು. ಡಾಕ್ಟರು, ಕೈ ಹಾಕುವವರು ನಾಲ್ಕು ಜನ ಇದ್ದರೆ ಎರಡು ತಾಸಿನ ಕೆಲಸ, ನಾನೂ ಸೇರುತ್ತೇನೆ ಎಂದು ತೋಳು ಮಡಚತೊಡಗಿದರು. ಗ್ಯಾರೇಜಿನವನು ಮಾತ್ರ ಕಾಲಿನ ಹೆಬ್ಬೆರಳು ನೋಡಿಕೊಂಡ.

“ಅಕ್ಕ, ಒಂದು ನಿಮಿಷ ಗ್ಯಾರೇಜಿಗೆ ಬರ್ತೀರಾ?” ಅಂದ.

ಗಂಡನ ಅಕ್ಕ ಈ ಹೊತ್ತಿನಲ್ಲಿ ಎಲ್ಲಿಗೆ ಎಂದು ಕೇಳುತ್ತಿದ್ದಂತೆಯೇ ಅವಳು ಕಾಲೆಳೆಯುತ್ತ ಬೀದಿ ದಾಟಿದಳು.

ಗ್ಯಾರೇಜಿನೊಳಗೆ ತಂಪಿತ್ತು. ಕೂತುಕೊಳ್ಳಿ ಎಂದ ಅವನು. ಕೂತರೆ ಏಳುವುದು ದೊಡ್ಡ ಕೆಲಸ, ಹೇಳುವುದಿದ್ದರೆ ಹೇಳು ಎಂದಳು ಅವಳು. ಮೂಲೆಯಲ್ಲಿ ದಪ್ಪ ಟೈರುಗಳು ಒಂದರ ಮೇಲೊಂದು ಕೂತಿದ್ದವು, ಪಕ್ಕದಲ್ಲಿ ಗೋಣಿ ಸುತ್ತಿದ ಸ್ಪ್ರಿಂಗುಗಳು. ಮೇಲಿನ ಟೈರಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ‘ಇದೋ ಅದೋ’ ಎಂದು ಬರೆದಿತ್ತು. ಅಳಿಸಿಹೋದಾಗಲೆಲ್ಲ ಮತ್ತೆ ಬರೆದ ಹಾಗಿತ್ತು.

ಅವನು ಬೆಂಚಿನ ಮೇಲಿಂದ ಏನನ್ನೋ ತಂದು ಅವಳ ಕೈಗಿಟ್ಟ. ಅವಳ ಸ್ಕೇಲು. ಅದಕ್ಕೆ ಅವಳದೇ ಕತ್ತರಿಯಲ್ಲಿ ಕತ್ತರಿಸಿದ ಎರಡು ಬಟ್ಟೆಯ ಪಟ್ಟಿ ಕಟ್ಟಿದ್ದವು, ಮೇಲೊಂದು, ಕೆಳಗೊಂದು.

“ಮೊನ್ನೆ ಬಂದಾಗ ಇಲ್ಲೇ ಮರೆತು ಹೋದ್ರು,” ಅಂದ.

ಆಮೇಲೆ ಅವನು ಹೇಳಿದ್ದು ಇದು. ಸಾಮಾನು ಬಂದ ವರ್ಷದಿಂದ, ಮಳೆ ಬಿಟ್ಟು ಗುಡ್ಡದ ದಾರಿ ತೆರೆಯುವ ಮುಂಚೆ, ಅವರು ತಪ್ಪದೆ ಜೀಪು ತಂದು ನಿಲ್ಲಿಸುತ್ತಿದ್ದರು. ಜಾಕಿ ಕೊಟ್ಟು ಎತ್ತಿಸಿ, ಚಕ್ರಗಳ ಕೆಳಗೆ ಮರದ ತುಂಡು ಇಡಿಸುವರು. ಹೊಸ ಸ್ಪ್ರಿಂಗು, ಹೊಸ ಟೈರು ಹಾಕಿದರೆ ಎಷ್ಟು ಎತ್ತರವೋ ಅಷ್ಟು. ಆಮೇಲೆ ಬೋರಲು ಹಾಕಿದ ಬಕೆಟಿನ ಮೇಲೆ ಕೂತು, ಈ ಸ್ಕೇಲನ್ನು ತಮ್ಮ ಬಲ ಮೊಣಕಾಲಿನ ಹಿಂದಿಟ್ಟು ಮೇಲೆ ಕೆಳಗೆ ಬಿಗಿದು ಕಟ್ಟಿಕೊಳ್ಳುವರು. ಕಾಲು ಮಡಚದ ಹಾಗೆ. ಕಟ್ಟಿಕೊಂಡು ಎದ್ದು, ಕುಂಟುತ್ತ ಬಂದು, ಜೀಪಿಗೆ ಬೆನ್ನು ಹಾಕಿ ನಿಂತು ಹತ್ತಲು ನೋಡುವರು.

“ನಿಮ್ಮ ಹಾಗೇ ಅಕ್ಕ. ಮೊದಲು ಕೂರೋದು, ಆಮೇಲೆ ಕಾಲು ಎತ್ತಿಟ್ಟುಕೊಳ್ಳೋದು. ಒಂದು ದಿನವೂ ಡ್ರೈವರ್ ಸೀಟಿಗೆ ಹತ್ತಿ ನೋಡ್ಲಿಲ್ಲ. ಪಕ್ಕದ ಸೀಟಿಗೇ.”

ಆಗುತ್ತಿರಲಿಲ್ಲ. ಒಂದು ತುಂಡು ತೆಗೆ ಎನ್ನುವರು. ಮತ್ತೆ ಹತ್ತುವರು. ಇನ್ನೊಂದು ತೆಗೆ ಎನ್ನುವರು. ಇದೋ, ಅದೋ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವರು. ತುಂಡು ತೆಗೆಯುತ್ತ ತೆಗೆಯುತ್ತ ಕೊನೆಗೆ ಚಕ್ರ ನೆಲಕ್ಕೇ ಬಂದು ಕೂರುವುದು. ಆಗ ಮಾತ್ರ ಸಲೀಸಾಗಿ ಹತ್ತಿ ಕೂತು, ಇದೇ ಸರಿ ಎನ್ನುವರು. ಒಂದು ವರ್ಷ ಮೇಲಿಂದ ಬಿದ್ದೂಬಿಟ್ಟರು.

ಹೊಲಿಗೆಯಕ್ಕನಿಗೆ ನೆನಪಾಯಿತು. ಮೊಣಕೈ ತರಚಿಕೊಂಡು ಬಂದಿದ್ದರು. ಅಂಗಡಿಯ ಕಟ್ಟೆಯಲ್ಲಿ ಜಾರಿದೆ ಎಂದಿದ್ದರು. ಮುಲಾಮು ಹಚ್ಚುತ್ತ ಅವಳು, ಊರಿಗೆಲ್ಲ ಕಣ್ಣು ಕೊಡುವವರು ತಮ್ಮ ಕಣ್ಣು ಎಲ್ಲಿಟ್ಟು ನಡೆಯುತ್ತೀರಿ ಎಂದು ಬೈದಿದ್ದಳು.

“ಒಂದು ಮಡಚೋ ಮೆಟ್ಟಿಲು ಮಾಡಿಕೊಟ್ಟಿದ್ರೆ ಆಗ್ತಿತ್ತಲ್ಲೋ,” ಅಂದಳು. ಅವಳ ದನಿ ಅವಳಿಗೇ ದೂರದಿಂದ ಬಂದ ಹಾಗಿತ್ತು.

“ಮಾಡಿದೆ. ಸ್ಕೇಲು ಕಟ್ಟಿಕೊಂಡು ಅದನ್ನೂ ಹತ್ತಿ ನೋಡಿದ್ರು. ಹತ್ತಬಹುದು, ಆದ್ರೆ ಯಾರಾದ್ರೂ ಕೈ ಹಿಡೀಬೇಕು ಅಂದ್ರು. ಅವಳು ಯಾರ ಕೈಯನ್ನೂ ಕೇಳೋಳಲ್ಲ, ತೆಗೆದಿಡು ಅಂದ್ರು.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು, ನಾನು ಬರಲ್ಲ, ಎತ್ತರ ಮಾಡಿಸಿಕೊಂಡು ನೀವು ಹೋಗಿಬನ್ನಿ ಅಂತಿದ್ರಂತೆ. ಅವಳು ಒಂದು ಸಲ ಅಂದ್ರೆ ಮುಗೀತು ಅಂತಿದ್ರು.”

ಅಂತಿದ್ದಳು. ಖಂಡಿತ ಅಂತಿದ್ದಳು. ಅವಳು ಟೈರಿನ ರಾಶಿಗೆ ಕೈಯೂರಿ ನಿಂತಳು. ರಬ್ಬರಿನ ಹೊಸ ಮುಳ್ಳುಗಳು ಒಂದಿಷ್ಟೂ ಸವೆಯದೆ ಅಂಗೈಗೆ ಒತ್ತುತ್ತಿದ್ದವು.

“ಒಂದು ಕೇಳ್ತೀನಿ. ನನಗೆ ಸಮಾಧಾನ ಆಗ್ಲಿ ಅಂತ ಹೇಳ್ಬೇಡ,” ಅಂದಳು. “ಅವರಿಗೆ ಬೇಜಾರಿತ್ತಾ?”

ಅವನು ಒಗೆದ ಅಂಗಿಯ ತುದಿಗೆ ಕೈ ಒರೆಸಿಕೊಂಡ, ಕೈಯಲ್ಲಿ ಏನೂ ಇಲ್ಲದಿದ್ದರೂ.

“ಆಸೆ ಇತ್ತು ಅಕ್ಕ, ಸುಳ್ಳು ಹೇಳಲ್ಲ. ಬಂದಾಗೆಲ್ಲ ಈ ಟೈರು ತಟ್ಟಿ ನೋಡ್ತಿದ್ರು. ಬೇರೆಯವರಿಗೆ ಮಾರಿಬಿಡ್ಲಾ ಅಂದ್ರೆ ಇರಲಿ ಅಂತಿದ್ರು. ನಾನೇ ಒಂದು ಸಲ ಕೇಳಿದೆ. ಒಬ್ರೇ ಒಂದು ದಿನ ಮೇಲೆ ಹೋಗಿ ನೋಡಿಕೊಂಡು ಬರಬಾರದಾ ಅಂತ. ಪಕ್ಕದ ಸೀಟು ಖಾಲಿ ಇಟ್ಕೊಂಡು ಅಷ್ಟು ಮೇಲೆ ಹೋಗಿ ಯಾರ ಹತ್ರ ಮಾತಾಡಲಿ ಅಂದ್ರು.”

ಬೀದಿಯಲ್ಲಿ ಯಾರೋ ಅವಳನ್ನು ಕೂಗಿದರು. ಅವಳು ಸ್ಕೇಲಿನ ಪಟ್ಟಿಗಳನ್ನು ಬಿಚ್ಚಲು ಹೋಗಿ, ಗಂಟು ನೋಡಿ ಬಿಟ್ಟಳು. ಅವರ ಗಂಟು. ಹೊಲಿಗೆಯವಳ ಜೊತೆ ಇಷ್ಟು ವರ್ಷ ಬಾಳಿದರೂ ಒಂದು ಗಂಟು ನೆಟ್ಟಗೆ ಹಾಕಲು ಬರುತ್ತಿರಲಿಲ್ಲ ಆ ಮನುಷ್ಯನಿಗೆ.

“ಗಾಡಿ ಇದ್ದ ಹಾಗೇ ಇರಲಿ,” ಅಂದಳು.

*

ಮನೆಗೆ ವಾಪಸಾದವಳು ಮೊದಲು ಗಂಡನ ಅಕ್ಕನ ಬಳಿ ಹೋಗಿ, ದೂರದ್ದನ್ನೇ ಹಾಕಿ ಎಂದಳು. ಆ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗುತ್ತಿದ್ದಾರೆ, ಮೊದಲ ಸಲ, ನೋಡುವುದು ಬೇಡವೇ ಎಂದಳು. ಓದುವ ಕನ್ನಡಕವನ್ನು ತನ್ನ ಹೊಲಿಗೆ ಯಂತ್ರದ ಖಾನೆಯಲ್ಲಿಟ್ಟಳು.

ಗಾಡಿ ಹೀಗೇ ಹೋಗುತ್ತದೆ ಎಂದಾಗ ಡಾಕ್ಟರು ಕೈ ಚೆಲ್ಲಿದರು. ಮಗಳು ಅಮ್ಮನ ಕೈಯಲ್ಲಿದ್ದ ಸ್ಕೇಲನ್ನು ನೋಡಿ, ಇದೆಲ್ಲಿತ್ತು ಎಂದು ಕೇಳಿದಳು. ಅಮ್ಮ ನಾಲ್ಕೇ ಮಾತಿನಲ್ಲಿ ಹೇಳಿದಳು. ಮಗಳು ಬಹಳ ಹೊತ್ತು ಜೀಪಿನ ಪಕ್ಕದ ಸೀಟಿನ ಅಂಚನ್ನೇ ನೋಡುತ್ತ ನಿಂತಳು. ರೆಕ್ಸಿನ್ನು ಒಂದೇ ಕಡೆ ಸವೆದು ಬಿಳಿಚಿಕೊಂಡಿತ್ತು. ಆಮೇಲೆ ಕೀಲಿ ಕೊಡು ಅಂದಳು.

ಪೆಟ್ಟಿಗೆಯನ್ನು ಹಿಂದಿಟ್ಟು ಕಟ್ಟಿದರು. ಹೊಲಿಗೆಯಕ್ಕ ಬಾಗಿಲಿಗೆ ಬೆನ್ನು ಹಾಕಿ ನಿಂತು, ಸೀಟಿನ ಅಂಚಿಗೆ ಕೂತು, ಕಾಲನ್ನು ಎತ್ತಿ ಒಳಗಿಟ್ಟುಕೊಂಡಳು. ಸ್ಕೇಲನ್ನು ಎದುರಿನ ಗಾಜಿನ ಕೆಳಗೆ, ಅವರು ಫ್ಲಾಸ್ಕಿನ ಮುಚ್ಚಳ ಇಡುತ್ತಿದ್ದ ಜಾಗದಲ್ಲಿಟ್ಟಳು. ಅಷ್ಟು ಹೊತ್ತೂ ಮಗಳು ಕನ್ನಡಿ ಸರಿಮಾಡುತ್ತಿದ್ದಳು.

ಜನ ಗುಡ್ಡದ ದಾರಿಯಲ್ಲಿ ಹಿಂದೆ ನಡೆದು ಬಂದರು. ಹಿಂತಿರುಗಿ ನೋಡಿದರೆ ಎಲ್ಲರ ಮೂಗಿನ ಮೇಲೂ ಅವರು ಕೊಟ್ಟ ಕನ್ನಡಕಗಳೇ. ಬಿಸಿಲು ಬಿದ್ದಾಗ ಇಡೀ ಸಾಲು ಮಿನುಗುತ್ತಿತ್ತು. ಜೀಪು ಎರಡನೇ ಗೇರಿನಲ್ಲಿ ಮುದುಕನ ಹಾಗೆ ಗೊಣಗುತ್ತ, ಗುಂಡಿಗಳನ್ನು ಒಂದೊಂದಾಗಿ ಇಳಿದು ಹತ್ತುತ್ತ ಹೋಯಿತು. ಅದಕ್ಕೆ ದಾರಿ ಗೊತ್ತಿತ್ತು.

ಕಲ್ಲಿನ ಮೆಟ್ಟಿಲಿನ ಹತ್ತಿರ ಡಾಕ್ಟರ ಗಾಡಿ ಮುಂದಾಗಿ ಹತ್ತಿ ಮೇಲೆ ನಿಂತಿತು. ಮಗಳು ಒಮ್ಮೆ ಪ್ರಯತ್ನಿಸಿದಳು. ಮುಂದಿನ ಚಕ್ರ ಬಂಡೆಗೆ ಮೂಗು ತಾಗಿಸಿ ಒಂದಿಷ್ಟು ಏರಿತು, ಹೊಟ್ಟೆ ಕರ್ ಎಂದು ಉಜ್ಜಿತು, ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿತು. ಇನ್ನೊಮ್ಮೆ. ಹಾಗೇ ಆಯಿತು. ಭಾರ ಕಡಿಮೆಯಾಗಲಿ, ಅಮ್ಮ ಇಳಿಯಲಿ ಎಂದು ಯಾರೋ ಅಂದರು. ಇಳಿಯುವುದಿಲ್ಲ ಎಂದಳು ಹೊಲಿಗೆಯಕ್ಕ.

ಡಾಕ್ಟರು ತಮ್ಮ ಗಾಡಿಯ ವಿಂಚಿನಿಂದ ಹಗ್ಗ ಎಳೆದುಕೊಂಡು, ತುದಿಯ ಕೊಕ್ಕೆ ಹಿಡಿದು ಕೆಳಗಿಳಿದು ಬಂದರು. ಜೀಪಿನ ಮುಂದೆ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ತಲೆಯೆತ್ತಿದಾಗ ಎದುರಿನ ಗಾಜಿನಿಂದ ಅವರಿಗೆ ಪಕ್ಕದ ಸೀಟು ಕಂಡಿತು, ಹಿಂದೆ ಪೆಟ್ಟಿಗೆ ಕಂಡಿತು, ಸ್ಕೇಲೂ ಕಂಡಿತು. ಬರುವ ದಾರಿಯಲ್ಲಿ ಗ್ಯಾರೇಜಿನವನು ಅವರ ಗಾಡಿಯಲ್ಲೇ ಕೂತಿದ್ದ, ಏನೇನು ಹೇಳಿದನೋ.

“ಎಳೆದ್ರೆ ಕುಲುಕುತ್ತೆ,” ಎಂದರು ಡಾಕ್ಟರು. “ಇವರನ್ನ ಕುಲುಕೋದು ಬೇಡ.”

ಕೊಕ್ಕೆ ಬಿಟ್ಟುಬಿಟ್ಟರು. ಅದು ಬಂಡೆಯ ಮೇಲೆ ಟಣ್ ಎಂದಿತು. ಟೋಪಿ ತೆಗೆದು ಗ್ಯಾರೇಜಿನವನ ಕೈಗೆ ಕೊಟ್ಟು, ಸೊಂಟದ ನೋವನ್ನೂ ಲೆಕ್ಕಿಸದೆ ದಾರಿಯ ಬದಿಯಿಂದ ಒಂದು ಚಪ್ಪಟೆ ಕಲ್ಲು ಎತ್ತಿ ತಂದು ಜೀಪಿನ ಮುಂಚಕ್ರದ ಬುಡಕ್ಕೆ ಇಟ್ಟರು.

ಅವರ ಗುಂಪಿನವರು ಮುಖ ಮುಖ ನೋಡಿಕೊಂಡರು. ಉಬ್ಬಸದವರು ಇನ್ನೊಂದು ತಂದರು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಸಾಲಿನಲ್ಲಿದ್ದವರೆಲ್ಲ ಗಿಡಗಂಟಿಯೊಳಗೆ ಇಳಿದು, ಕನ್ನಡಕ ಮೇಲೆ ತಳ್ಳಿಕೊಳ್ಳುತ್ತ ಕಲ್ಲು ಹುಡುಕಿದರು. ಗಂಡನ ಅಕ್ಕ ಸೆರಗು ಬಿಗಿದು, ಕೈಯಿಂದ ಕೈಗೆ ಕಲ್ಲು ದಾಟಿಸುತ್ತ, ಹಾಗಲ್ಲ ಹೀಗೆ ಎಂದು ಎಲ್ಲರಿಗೂ ಹೇಳಿಕೊಡತೊಡಗಿದರು. ಬಂಡೆಯ ಮುಂದೆ ಇಳಿಜಾರೊಂದು ನಿಧಾನವಾಗಿ ಎದ್ದುಬಂತು.

ಕೊನೆಯದೊಂದು ಸಂದಿ ಉಳಿದಿತ್ತು. ಡಾಕ್ಟರು ಬೆವರಿನಲ್ಲಿ ತೊಯ್ದು ಹೊಲಿಗೆಯಕ್ಕನ ಕಿಟಕಿಯ ಹತ್ತಿರ ಬಂದರು. ಎರಡು ಕೈಯಲ್ಲೂ ಒಂದೊಂದು ಕಲ್ಲಿತ್ತು. ಎರಡನ್ನೂ ಎತ್ತಿ ಹಿಡಿದರು.

“ಇದೋ, ಅದೋ?”

ಹಿಂದೆ ಯಾರೋ ನಕ್ಕರು, ನಗುತ್ತಲೇ ಮೂಗು ಒರೆಸಿಕೊಂಡರು. ಹೊಲಿಗೆಯಕ್ಕ ಎರಡೂ ಕಲ್ಲುಗಳನ್ನು ನೋಡಿದಳು, ಬಟ್ಟೆಯ ಅಗಲ ನೋಡುವ ಹಾಗೆ.

“ಎಡಗೈಲಿರೋದು,” ಅಂದಳು.

ಡಾಕ್ಟರು ಹೋಗಿ ಅದನ್ನು ಸಂದಿಗೆ ಇಟ್ಟು, ಕಾಲಿನಿಂದ ಒತ್ತಿ, ಪಕ್ಕಕ್ಕೆ ಸರಿದರು. ಮಗಳು ಗೇರು ಹಾಕಿದಳು. ಜೀಪು ಕಲ್ಲುಗಳ ಮೇಲೆ ಒಂದೊಂದೇ ಹೆಜ್ಜೆ ಇಟ್ಟ ಹಾಗೆ ಏರಿತು, ಮೂತಿ ಮೇಲಕ್ಕೆದ್ದಿತು, ಎದುರಿನ ಗಾಜಿನ ತುಂಬ ಬರೀ ಆಕಾಶವಾಯಿತು. ಹೊಲಿಗೆಯಕ್ಕ ಒಂದು ಕೈ ಹಿಂದೆ ಚಾಚಿ ಪೆಟ್ಟಿಗೆಯ ಮೇಲಿಟ್ಟಳು. ಗಾಜಿನ ಕೆಳಗಿದ್ದ ಸ್ಕೇಲು ಮೆಲ್ಲಗೆ ಜಾರಿ ಬಂದು, ಅವಳ ಬಲಗಾಲಿನ ಮೇಲೆ ಉದ್ದಕ್ಕೆ ಬಿದ್ದು, ಹಾಗೇ ನಿಂತಿತು.